ಡಬ್ಬಿಯೊಳಗಿನ ಉತ್ತರಾಯಣ

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಅವನು ನೆಟ್ಟಗೆ ಪೂರ್ವದಲ್ಲೇ ಹುಟ್ಟುವುದು ವರ್ಷದಲ್ಲಿ ಎರಡು ಸಲ ಮಾತ್ರ, ಮಾರ್ಚ್ 20ರ ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ. ಉಳಿದೆಲ್ಲ ದಿನ ಆ ಕಡೆಗೋ ಈ ಕಡೆಗೋ ಸರಿದಿರುತ್ತಾನೆ. ಬೆಂಗಳೂರಿನಲ್ಲಿ ನಿಂತು ನೋಡಿದರೆ ಜೂನ್ ಕೊನೆಯ ಹೊತ್ತಿಗೆ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಯ ಹೊತ್ತಿಗೆ 24 ಡಿಗ್ರಿ ದಕ್ಷಿಣಕ್ಕೆ. ಕೈಯನ್ನು ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ನಮ್ಮ ಊರಿನ ದಿಗಂತದ ಮೇಲೆ ಸೂರ್ಯ ವರ್ಷವಿಡೀ ಐದು ಮುಷ್ಟಿ ಅಗಲದ ಜಾಗದಲ್ಲಿ ಆಚೀಚೆ ಓಡಾಡುತ್ತಿರುತ್ತಾನೆ. ಇಷ್ಟು ದೊಡ್ಡ ಓಡಾಟ ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಸರಳ: ಬೆಂಗಳೂರಿನಲ್ಲಿ ದಿಗಂತ ಕಾಣಿಸುವುದಿಲ್ಲ.

ನಾನು ಇರುವುದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಗಂಟೆ ಕೇಳಿಸುವಷ್ಟು ಹತ್ತಿರದ ಒಂದು ಓಣಿಯಲ್ಲಿ. ಎರಡಂತಸ್ತಿನ ಹಳೇ ಮನೆಯ ತಾರಸಿಯ ಮೇಲೆ ಕಟ್ಟಿದ ಶೀಟಿನ ರೂಮು. ಬೇಸಿಗೆಯಲ್ಲಿ ಕಾವಲಿ, ಮಳೆಗಾಲದಲ್ಲಿ ತಮಟೆ. ಪಿಎಚ್.ಡಿ. ಫೆಲೋಶಿಪ್ಪಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಸಿಕ್ಕರೂ ತಾರಸಿ ಸಿಗುವುದಿಲ್ಲ. ನನ್ನ ಸಂಶೋಧನೆಯ ವಿಷಯ ಮಳೆ ನಕ್ಷತ್ರಗಳ ಗಾದೆಗಳು. ‘ಆರಿದ್ರಾ ಮಳೆ ಆರದೆ ಹೊಯ್ಯುತ್ತೆ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬಂಥ ಮಾತುಗಳನ್ನು ಹಳ್ಳಿಹಳ್ಳಿ ತಿರುಗಿ ಕೂಡಿಸಿ, ಯಾವ ಸೀಮೆಯಲ್ಲಿ ಯಾವ ಮಳೆಗೆ ಯಾವ ಗಾದೆ ಎಂದು ವಿಂಗಡಿಸುವ ಕೆಲಸ. ತಿಪಟೂರಿನ ಹತ್ತಿರದ ನಮ್ಮೂರಿನಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು “ಈಗ ಯಾವ ಮಳೆ ನಡೀತೈತೆ ಹೇಳು” ಎಂದು. ಆಮೇಲೆ ಅಮ್ಮ ಫೋನ್ ಇಸಿದುಕೊಂಡು ಕೇಳುವುದು “ಇನ್ನೂ ಎಷ್ಟು ವರ್ಷ?” ಎಂದು. ಮೊದಲನೆಯದಕ್ಕೆ ಉತ್ತರ ನನ್ನ ಹತ್ತಿರ ಯಾವಾಗಲೂ ಇರುತ್ತದೆ.

ಮಳೆ ನಕ್ಷತ್ರ ಎಂದರೆ ಮಳೆಗೆ ಸಂಬಂಧಿಸಿದ ನಕ್ಷತ್ರ ಎಂದು ಬಹಳ ಜನ ತಿಳಿದಿರುತ್ತಾರೆ. ಅದು ಸೂರ್ಯನ ವಿಳಾಸ. ಸೂರ್ಯ 27 ನಕ್ಷತ್ರಗಳ ಬೀದಿಯಲ್ಲಿ ಒಂದೊಂದು ಮನೆಯಲ್ಲೂ ಹದಿಮೂರು ಹದಿನಾಲ್ಕು ದಿನ ಇದ್ದು ಮುಂದಕ್ಕೆ ಹೋಗುತ್ತಾನೆ. ಅವನು ರೋಹಿಣಿಯಲ್ಲಿದ್ದಾಗ ಬೀಳುವುದು ರೋಹಿಣಿ ಮಳೆ, ಮೃಗಶಿರದಲ್ಲಿದ್ದಾಗ ಮೃಗಶಿರ ಮಳೆ. ಹಗಲು ನಕ್ಷತ್ರ ಕಾಣುವುದಿಲ್ಲವಲ್ಲ, ಹಾಗಾಗಿ ಸೂರ್ಯ ಯಾರ ಮನೆಯಲ್ಲಿದ್ದಾನೆ ಎಂಬುದನ್ನು ನೋಡಿ ಹೇಳುವ ಹಾಗಿಲ್ಲ, ಲೆಕ್ಕ ಹಾಕಿಯೇ ಹೇಳಬೇಕು. ಗಾದೆ ಹೇಳುತ್ತಿದ್ದ ಅಜ್ಜಂದಿರನ್ನೆಲ್ಲ ನಾನು ಮಾತಾಡಿಸಿದ್ದೆ. ಆದರೆ ಆ ದಾರಿಯಲ್ಲಿ ನಡೆಯುವವನನ್ನು ಒಮ್ಮೆ ನೋಡಬೇಕೆನ್ನಿಸಿತು. ಅದಕ್ಕೇ ಡಬ್ಬಿ ಕಟ್ಟಿದೆ.

ಇದಕ್ಕೆ ಸೋಲಾರ್‌ಗ್ರಫಿ ಎನ್ನುತ್ತಾರೆ. 2000ದ ಸುಮಾರಿಗೆ ಪೋಲೆಂಡಿನ ಸ್ವಾವೊಮಿರ್ ಡೆಟ್ಸಿಕ್, ಪಾವೆಲ್ ಕುಲಾ ಮತ್ತು ಸ್ಪೇನಿನ ದಿಯೇಗೊ ಲೋಪೆಸ್ ಕಾಲ್ವಿನ್ ಎಂಬವರು ಸೇರಿ ರೂಢಿಗೆ ತಂದ ವಿಧಾನ. ಬೇಕಾಗುವುದು ಒಂದು ತಗಡಿನ ಡಬ್ಬಿ, ಒಂದು ಸೂಜಿ, ಕಪ್ಪು ಟೇಪು ಮತ್ತು ಕಪ್ಪುಬಿಳುಪು ಫೋಟೋ ಹಾಕುತ್ತಿದ್ದ ಕಾಲದ ಬ್ರೋಮೈಡ್ ಕಾಗದ. ಡಬ್ಬಿಯ ಹೊಟ್ಟೆಗೆ ಸೂಜಿಯ ಮೊನೆಯಿಂದ ಮೂರನೇ ಒಂದು ಮಿಲಿಮೀಟರ್‌ನಷ್ಟು ತೂತು. ಅದರ ಎದುರಿಗೆ ಒಳಮೈಗೆ ಅಂಟಿಕೊಂಡಂತೆ ಕಾಗದ. ಮುಚ್ಚಳ ಬಿಗಿದು, ಬೆಳಕೂ ನೀರೂ ಹೋಗದಂತೆ ಟೇಪು ಸುತ್ತಿ, ಅಲುಗಾಡದ ಹಾಗೆ ಕಂಬಕ್ಕೆ ಕಟ್ಟಿ ಬಿಟ್ಟುಬಿಡುವುದು. ಒಂದು ದಿನವಲ್ಲ, ಆರು ತಿಂಗಳು. ಪ್ರತಿದಿನ ಸೂರ್ಯ ಆಕಾಶದಲ್ಲಿ ಹೋದ ದಾರಿ ಕಾಗದದ ಮೇಲೆ ಒಂದು ಗೆರೆಯಾಗಿ ಉಳಿಯುತ್ತದೆ. ಮಾರನೆಯ ದಿನದ ಗೆರೆ ಅದರ ಪಕ್ಕಕ್ಕೆ. ಮೋಡ ಮುಚ್ಚಿದಲ್ಲಿ ಗೆರೆ ತುಂಡಾಗುತ್ತದೆ. ದಿನವಿಡೀ ಮೋಡವಿದ್ದರೆ ಆ ದಿನದ ಗೆರೆಯೇ ಇಲ್ಲ.

ಈ ಕಾಗದವನ್ನು ಯಾವ ರಾಸಾಯನಿಕದಲ್ಲೂ ತೊಳೆಯುವುದಿಲ್ಲ. ಕಾಗದದ ಮೇಲಿನ ಬೆಳ್ಳಿಯ ಲವಣ ಅಷ್ಟು ದಿನಗಳ ಬಿಸಿಲಿಗೆ ತಾನೇ ಕಪ್ಪಾಗಿರುತ್ತದೆ. ಹೊರಗೆ ತೆಗೆದ ಮೇಲೆ ಮಬ್ಬುಬೆಳಕಿನಲ್ಲಿ ಒಂದೇ ಒಂದು ಸಲ ಸ್ಕ್ಯಾನ್ ಮಾಡಿಕೊಳ್ಳಬೇಕು, ಏಕೆಂದರೆ ಸ್ಕ್ಯಾನರಿನ ಬೆಳಕೂ ಅದಕ್ಕೆ ಬೆಳಕೇ. ನೋಡುತ್ತ ನೋಡುತ್ತಲೇ ಚಿತ್ರ ಕಂದುತ್ತ ಹೋಗುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ ರೆಜಿನಾ ವಾಲ್ಕೆನ್‌ಬರ್ಗ್ ಎಂಬ ಕಲಾ ವಿದ್ಯಾರ್ಥಿನಿ 2012ರಲ್ಲಿ ಅಲ್ಲಿನ ವೀಕ್ಷಣಾಲಯದ ದೂರದರ್ಶಕದ ಗುಮ್ಮಟಕ್ಕೆ ಹೀಗೆ ಒಂದು ಬಿಯರ್ ಕ್ಯಾನ್ ಕಟ್ಟಿದ್ದರು. ಅದು 2020ರ ಸೆಪ್ಟೆಂಬರ್‌ನಲ್ಲಿ ಕೈಗೆ ಸಿಕ್ಕಿತು. ಎಂಟು ವರ್ಷ ಒಂದು ತಿಂಗಳ ಒಂದೇ ಫೋಟೋ, ಅದರಲ್ಲಿ ಸೂರ್ಯನ 2,953 ಕಮಾನುಗಳು. ಅದನ್ನು ಓದಿದ ರಾತ್ರಿ ನನಗೆ ನನ್ನ ಪಿಎಚ್.ಡಿ. ಅವಧಿ ಅಷ್ಟೇನೂ ಉದ್ದ ಅನ್ನಿಸಲಿಲ್ಲ.

ಇಂಗ್ಲಿಷಿನಲ್ಲಿ ಬರೆದ ಸೂಚನೆಗಳೆಲ್ಲ ‘ಡಬ್ಬಿಯನ್ನು ದಕ್ಷಿಣಕ್ಕೆ ಮುಖ ಮಾಡಿ ಕಟ್ಟಿ’ ಎನ್ನುತ್ತವೆ. ಯುರೋಪಿಗೆ ಅದು ಸರಿ. ಅಲ್ಲಿ ಸೂರ್ಯ ಯಾವ ಕಾಲದಲ್ಲೂ ನಡುಹಗಲಿಗೆ ದಕ್ಷಿಣದಲ್ಲೇ ಇರುತ್ತಾನೆ, ನೆತ್ತಿಗೆ ಬರುವುದೇ ಇಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಅವತ್ತು ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೆ ನೆರಳಿಲ್ಲ. ಆಮೇಲೆ ಅವನು ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ. ಮತ್ತೆ ನೆತ್ತಿಗೆ ಬರುವುದು ಆಗಸ್ಟ್ 18ರ ಸುಮಾರಿಗೆ. ನಡುವಿನ ಸುಮಾರು ನಾಲ್ಕು ತಿಂಗಳು ಇಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನನಗೆ ಇದರಲ್ಲಿ ಖುಷಿ ಕೊಟ್ಟದ್ದು ಇನ್ನೊಂದು ಲೆಕ್ಕ. ಭರಣಿ ಮಳೆ ಹುಟ್ಟುವುದು ಏಪ್ರಿಲ್ 27ರ ಹೊತ್ತಿಗೆ, ಆಶ್ಲೇಷ ಮುಗಿದು ಮಘೆ ಹುಟ್ಟುವುದು ಆಗಸ್ಟ್ 17ರ ಹೊತ್ತಿಗೆ. ಅಂದರೆ ಭರಣಿಯಿಂದ ಆಶ್ಲೇಷದವರೆಗಿನ ಮಳೆಗಳೆಲ್ಲ ಹೆಚ್ಚುಕಡಿಮೆ ನಮ್ಮ ನೆರಳು ದಕ್ಷಿಣಕ್ಕೆ ತಿರುಗಿದ ಕಾಲದ ಮಳೆಗಳು. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದಲ್ವಾ, ಕಣದಲ್ಲಿ ನಿಂತ್ರೆ ಗೊತ್ತಾಗುತ್ತೆ” ಅಂದರು.

ಹಾಗಾಗಿ ನನ್ನ ಡಬ್ಬಿ ಮುಖ ಮಾಡಬೇಕಾದದ್ದು ಪೂರ್ವಕ್ಕೆ. ಪೂರ್ವಕ್ಕೆ ತಿರುಗಿಸಿದರೆ ಎರಡೂ ತುದಿಗಳ ಸೂರ್ಯೋದಯ ಸಿಗುತ್ತದೆ. ಯುರೋಪಿನ ಚಿತ್ರಗಳಲ್ಲಿ ಸೂರ್ಯನ ದಾರಿ ಕಾಮನಬಿಲ್ಲಿನ ಹಾಗೆ ಬಾಗಿರುತ್ತದೆ. ನಮ್ಮಲ್ಲಿ ಸೂರ್ಯ ಬಹುತೇಕ ನೆಟ್ಟಗೆ ಮೇಲೇರುತ್ತಾನೆ, ಸ್ವಲ್ಪ ಬಲಕ್ಕೆ ವಾಲುತ್ತಾನೆ ಅಷ್ಟೆ. ತೆಂಗಿನ ಮರ ಹತ್ತುವವನ ಹಾಗೆ.

ಡಬ್ಬಿ ಸಿಕ್ಕಿದ್ದು ಬಜಾರ್ ಬೀದಿಯ ಕಡೆಯ ಗುಜರಿ ಅಂಗಡಿಯಲ್ಲಿ. ಶಿವಾಜಿನಗರದ ಒಂದು ಹಳೇ ಸ್ಟುಡಿಯೋದವರು ಅವಧಿ ಮುಗಿದ ಕಾಗದದ ಪೆಟ್ಟಿಗೆಯೊಂದನ್ನು “ತಗೊಂಡ್ಹೋಗಿ, ನಮಗೂ ಜಾಗ ಆಗುತ್ತೆ” ಎಂದು ಕೊಟ್ಟರು. ಹಲಸೂರು ಕೆರೆಯ ಏರಿಯ ಮೇಲೆ ಒಂದು ಡಬ್ಬಿ ಕಟ್ಟುವ ಆಸೆಯಿತ್ತು. ಆದರೆ ಕೆರೆಯ ಒಂದು ಪಕ್ಕಕ್ಕೆ ಮದ್ರಾಸ್ ಸ್ಯಾಪರ್ಸ್ ಸೈನಿಕರ ಜಾಗ. ಅಂಥಲ್ಲಿ ಕಪ್ಪು ಟೇಪು ಸುತ್ತಿದ ತಗಡಿನ ಡಬ್ಬಿಯನ್ನು ಕಂಬಕ್ಕೆ ಕಟ್ಟಿ ಬರುವುದು ಫೆಲೋಶಿಪ್ಪಿಗೆ ಒಳ್ಳೆಯದಲ್ಲ. ತಾರಸಿಯ ಕಬ್ಬಿಣದ ಕಂಬಿಯೇ ಕ್ಷೇಮ.

ನಮ್ಮ ಮನೆಯ ಓನರ್ ಅಜ್ಜಿಯನ್ನು ಓಣಿಯವರೆಲ್ಲ ಕರೆಯುವುದು ಪಾಟಿ ಎಂದು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ತರಕಾರಿ ಗಾಡಿಯವನ ಹತ್ತಿರ ತೆಲುಗು, ಸಿಟ್ಟು ಬಂದಾಗ ಮೂರೂ. ಡಬ್ಬಿ ಕಟ್ಟುತ್ತಿದ್ದಾಗ ಮೆಟ್ಟಿಲು ಹತ್ತಿ ಬಂದವರು ಟೇಪಿನ ಸಂದಿಯಲ್ಲಿ ಕಾಣುತ್ತಿದ್ದ ಬಿಯರಿನ ಹೆಸರನ್ನು ನೋಡಿದರು.

“ಏನ್ ಕಣ್ಣು ಇದು? ಕುಡೀತೀಯಾ ನೀನು?”

ಕ್ಯಾಮೆರಾ ಪಾಟಿ, ಸೂರ್ಯನ ಫೋಟೋ ತೆಗೆಯೋದಕ್ಕೆ ಅಂದೆ. ಆರು ತಿಂಗಳು ಬೇಕು ಅಂದೆ.

“ಒಂದು ಫೋಟೋಗೆ ಆರು ತಿಂಗಳಾ? ನಮ್ಮ ಮದುವೆ ಫೋಟೋನೂ ಒಂದೇ ವಾರದಲ್ಲಿ ಕೊಟ್ಟ ಅವನು.”

ಅದು 2023ರ ಡಿಸೆಂಬರ್ 22. ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುವ ದಿನ. ಇವತ್ತಿಂದ ಉತ್ತರಾಯಣ ಅಂದದ್ದಕ್ಕೆ ಪಾಟಿ ಒಪ್ಪಲಿಲ್ಲ. “ಪೊಂಗಲ್‌ಗೆ ಅಲ್ವಾ ಅದು?” ಹದಿನೇಳು ಶತಮಾನಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ನಮ್ಮ ಪಂಚಾಂಗ ನಕ್ಷತ್ರಗಳನ್ನು ಗುರುತು ಇಟ್ಟುಕೊಂಡು ಎಣಿಸುತ್ತದೆ. ಭೂಮಿಯ ಅಕ್ಷವೋ ತಿರುಗುವ ಬುಗುರಿಯ ತಲೆಯ ಹಾಗೆ ನಿಧಾನಕ್ಕೆ ಓಲಾಡುತ್ತದೆ. ಆದ್ದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಋತುವಿನಿಂದ ಹಿಂದೆ ಬಿದ್ದು, ಈಗ ಮೂರು ವಾರಕ್ಕೂ ಮೀರಿದ ಅಂತರವಾಗಿದೆ. ಇದನ್ನೆಲ್ಲ ಪಾಟಿಗೆ ಹೇಳಲು ಹೋಗಲಿಲ್ಲ. ಅವರ ಮಟ್ಟಿಗೆ ಉತ್ತರಾಯಣ ಎಂದರೆ ತಾರಸಿಯ ಮೇಲೆ ಮೂರು ಇಟ್ಟಿಗೆ ಇಟ್ಟು, ಅರಿಶಿನದ ಕೊಂಬು ಕಟ್ಟಿದ ಪಾತ್ರೆಯಲ್ಲಿ ಹಾಲು ಉಕ್ಕಿಸಿ, ಎದುರಿಗಿರುವ ಸೂರ್ಯನಿಗೆ ತೋರಿಸುವುದು. ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ತಪ್ಪಿಸಿಲ್ಲ. 2024ರಲ್ಲಿ ಪೊಂಗಲ್ ಜನವರಿ 15ಕ್ಕೆ ಬಂತು. ಬೆಳಿಗ್ಗೆ ಏಳರ ಹೊತ್ತಿಗೆ ಎದುರಿನ ಸೈಟಿನ ಮೇಲಿನಿಂದ ಬಿಸಿಲು ಪಾತ್ರೆಗೆ ನೇರವಾಗಿ ಬಿತ್ತು. ಸೈಟು ಎಂದೆ, ಅಲ್ಲಿದ್ದ ಹಂಚಿನ ಮನೆಯನ್ನು ಹಿಂದಿನ ತಿಂಗಳಷ್ಟೇ ಕೆಡವಿದ್ದರು.

ಆಗ್ನೇಯಕ್ಕಿದ್ದ ಆ ಸೈಟಿನಲ್ಲಿ ಜನವರಿಯಲ್ಲಿ ಪಾಯ ತೋಡಿದರು. ಫೆಬ್ರವರಿಯಲ್ಲಿ ಮೊದಲ ಮೋಲ್ಡು. ಮಾರ್ಚಿನಲ್ಲಿ ಊರಿಗೆಲ್ಲ ನೀರಿಲ್ಲದಾಯಿತು. ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಜನ ಕಾದ ಬೇಸಿಗೆ ಅದು. ಎರಡು ವಾರ ಕೆಲಸ ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ಏಪ್ರಿಲ್ ಇಡೀ ತಿಂಗಳು ಬೆಂಗಳೂರಿನಲ್ಲಿ ಅಳೆಯುವಷ್ಟು ಮಳೆ ಬೀಳಲಿಲ್ಲ. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಅವತ್ತು ರಾತ್ರಿ ನನ್ನ ರೂಮಿನ ಶೀಟಿಗಿಂತ ಹೆಚ್ಚು ಕಾಳಜಿ ನನಗಿದ್ದದ್ದು ಡಬ್ಬಿಯ ಟೇಪಿನ ಮೇಲೆ.

ಜೂನ್ 21ರಂದು ಮೊದಲ ಡಬ್ಬಿ ಇಳಿಸಿ, ಅದೇ ಕಂಬಿಗೆ, ಅದೇ ದಿಕ್ಕಿಗೆ ಎರಡನೆಯದನ್ನು ಕಟ್ಟಿದೆ. ಕೋಣೆಯ ಕಿಟಕಿಗೆ ಕಂಬಳಿ ಹಾಕಿ ಕಾಗದ ಹೊರಗೆಳೆದೆ. 182 ದಿನಗಳ ಗೆರೆಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿದ್ದವು. ಬಲತುದಿಗೆ ಡಿಸೆಂಬರ್, ಎಡತುದಿಗೆ ಜೂನ್. ಎರಡೂ ತುದಿಗಳಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದು ದಪ್ಪವಾಗಿದ್ದವು, ಏಕೆಂದರೆ ಅಲ್ಲಿ ಸೂರ್ಯ ದಿನದಿಂದ ದಿನಕ್ಕೆ ಸರಿಯುವುದೇ ಕಡಿಮೆ. ಮಾರ್ಚಿನ ಹತ್ತಿರ ಗೆರೆಗಳ ನಡುವೆ ಅಂತರ ಹೆಚ್ಚು, ಅವನು ಅಲ್ಲಿ ಅವಸರದಲ್ಲಿರುತ್ತಾನೆ. ಏಪ್ರಿಲ್ ತುಂಬ ಒಂದೂ ತುಂಡಾಗದ ಗೆರೆಗಳು. ನೀರಿಲ್ಲದ ತಿಂಗಳು ಚಿತ್ರದಲ್ಲಿ ಎಲ್ಲಕ್ಕಿಂತ ಸುಂದರವಾಗಿ ಬಂದಿತ್ತು.

ಆರು ತಿಂಗಳಲ್ಲಿ ಆ ಡಬ್ಬಿಯ ಮುಂದೆ ಎಷ್ಟು ಸೀರೆಗಳು ಒಣಗಿರಬೇಕು, ಎಷ್ಟು ಪಾರಿವಾಳಗಳು ಕೂತಿರಬೇಕು. ದೂರದ ಹಳೇ ಮದ್ರಾಸು ರಸ್ತೆಯ ಮೇಲೆ ಮೆಟ್ರೋ ಎಷ್ಟು ಸಾವಿರ ಸಲ ಹೋಗಿರಬೇಕು. ಒಂದೂ ಇಲ್ಲ. ನಿಲ್ಲದೆ ಹೋಗುವ ಯಾವುದೂ ಈ ಕಾಗದಕ್ಕೆ ಅಂಟುವುದಿಲ್ಲ. ಆದರೆ ಬಲಗಡೆ ಒಂದು ವಿಚಿತ್ರವಿತ್ತು. ಹೊಸ ಕಟ್ಟಡ ಮಂಜಿನಲ್ಲಿ ನಿಂತ ಹಾಗೆ ಮಸುಕಾಗಿ ಕಾಣುತ್ತಿತ್ತು, ಮತ್ತು ಅದರ ಮೈಯೊಳಗಿಂದ ಸೂರ್ಯನ ಗೆರೆಗಳು ಹಾದು ಮೇಲೇರಿದ್ದವು. ಇದರಲ್ಲಿ ಪವಾಡವೇನಿಲ್ಲ. ಸೂರ್ಯ ಆ ಜಾಗದಲ್ಲಿ ಹುಟ್ಟುತ್ತಿದ್ದದ್ದು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಆಗ ಅಲ್ಲಿದ್ದದ್ದು ಬಯಲು. ಗೋಡೆ ಮೇಲೇಳುವ ಹೊತ್ತಿಗೆ ಅವನು ಎಡಕ್ಕೆ ಹೊರಟುಹೋಗಿದ್ದ. ಮೊದಲು ಬಿದ್ದ ಗೆರೆಗಳನ್ನು ಆಮೇಲೆ ಬಂದ ಗೋಡೆ ಅಳಿಸಲಾರದು.

ಪಾಟಿಗೆ ಸ್ಕ್ಯಾನ್ ಮಾಡಿದ ಪ್ರತಿಯನ್ನು ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದರು. ಮೋಡಕ್ಕೆ ತುಂಡಾದ ಗೆರೆಗಳ ಮೇಲೆ ಬೆರಳಾಡಿಸಿ ಇದು ಯಾವತ್ತಿನದು, ಅದು ಯಾವತ್ತಿನದು ಎಂದು ಕೇಳಿದರು. ಕೊನೆಗೆ ಕಟ್ಟಡದ ಮೇಲೆ ಬೆರಳಿಟ್ಟು, “ಇದು ಹೋಗಲ್ಲ ಅಲ್ವಾ?” ಅಂದರು.

ಆ ಪ್ರಶ್ನೆಯ ಹಿಂದೆ ಇನ್ನೊಂದು ಮಾತಿತ್ತು. ಹೊಸೂರಿನ ಕಡೆ ಮನೆ ಮಾಡಿರುವ ಅವರ ಮಗ ಎರಡು ವರ್ಷದಿಂದ ಈ ಮನೆಯನ್ನು ಕೊಟ್ಟುಬಿಡೋಣ ಎನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಅಮ್ಮ ಒಬ್ಬರೇ ಇರುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಗೋಡೆ ಒದ್ದೆಯಾಗುತ್ತದೆ ಎಂಬ ಚಿಂತೆ ಅವರದು. ಎದುರಿನ ಕಟ್ಟಡ ಎದ್ದ ಮೇಲೆ ಅವರ ಕೈಗೆ ಇನ್ನೊಂದು ಕಾರಣ ಸಿಕ್ಕಿತ್ತು. “ಇನ್ಮೇಲೆ ಬಿಸಿಲೂ ಬರಲ್ಲಮ್ಮ ನಿಂಗೆ. ಪೊಂಗಲ್ ಯಾವ ಸೂರ್ಯಂಗೆ ಇಡ್ತೀಯ?” ಮನೆ ಹೋದರೆ ಶೀಟಿನ ರೂಮೂ ಹೋಗುತ್ತದೆ. ಹಾಗಾಗಿ ಈ ಲೆಕ್ಕದಲ್ಲಿ ನಾನು ಪೂರ್ತಿ ನಿಷ್ಪಕ್ಷಪಾತಿಯಲ್ಲ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬಹುದು.

ಬೆಂಗಳೂರಿನಲ್ಲಿ ಸೂರ್ಯ ಮತ್ತು ಗೋಡೆಯ ವ್ಯಾಜ್ಯ ಹಳೆಯದು. ಗವೀಪುರದ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುವುದನ್ನು ನೋಡಲು ಊರೇ ನೆರೆಯುತ್ತದೆ. ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಅವರ ಜೊತೆಯವರು ಇದನ್ನು ಅಧ್ಯಯನ ಮಾಡಿ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬಿಸಿಲು ಲಿಂಗವನ್ನು ಮುಟ್ಟುವುದು ವರ್ಷಕ್ಕೆ ಒಂದು ಸಲವಲ್ಲ, ಎರಡು ಸಲ. ಜನವರಿ ಮಧ್ಯದಲ್ಲಿ ಒಮ್ಮೆ, ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ದಿನಗಳಲ್ಲಿ ಇನ್ನೊಮ್ಮೆ. ಡಿಸೆಂಬರ್ 21ರ ತುದಿಗೆ ಹೋಗುವಾಗ ಹಾದ ದಾರಿಯಲ್ಲೇ ಅವನು ಹಿಂದಿರುಗಬೇಕಲ್ಲ. ನವೆಂಬರಿನ ಬಿಸಿಲಿಗೆ ಮಾತ್ರ ಜನ ಸೇರುವುದಿಲ್ಲ, ಹಬ್ಬವಿಲ್ಲದ ದಿನ ಅದು. ಅವರು ಇನ್ನೂ ಒಂದು ಕೆಲಸ ಮಾಡಿದರು. 1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬರೆದ ಆ ದೇವಸ್ಥಾನದ ಚಿತ್ರಗಳನ್ನು ಈಗಿನ ಕಟ್ಟಡದೊಂದಿಗೆ ಹೋಲಿಸಿದರು. ಆಗ ಅಷ್ಟೊಂದು ಕಟ್ಟಡಗಳಿರಲಿಲ್ಲ. ಆಮೇಲೆ ಎದ್ದ ಗೋಡೆ ಕಿಂಡಿಗಳು ಬಿಸಿಲು ಒಳಗೆ ಬರುವ ದಿನಗಳನ್ನೇ ಬದಲಾಯಿಸಿವೆ. ಹೊಸ ಗೋಡೆ ಬಂದಲ್ಲಿ ದೇವರಿಗೂ ಬಿಸಿಲಿನ ತಾರೀಖು ಬದಲಾಯಿತು, ಆದರೆ ಪೂಜೆ ನಿಲ್ಲಲಿಲ್ಲ.

ಎರಡನೇ ಡಬ್ಬಿಯನ್ನು 2024ರ ಡಿಸೆಂಬರ್ 21ರಂದು ಇಳಿಸಿದೆ. 183 ದಿನ. ಇದರಲ್ಲೂ ಗೆರೆಗಳು ಬಿದ್ದದ್ದು ಮೊದಲನೆಯದರಲ್ಲಿ ಬಿದ್ದ ದಾರಿಯಲ್ಲೇ. ಸೂರ್ಯ ಉತ್ತರಕ್ಕೆ ಹೋದ ದಾರಿಯನ್ನೇ ತುಳಿದು ದಕ್ಷಿಣಕ್ಕೆ ಬಂದಿದ್ದ. ಎರಡು ಚಿತ್ರಗಳಿಗೂ ಆಕಾಶದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ, ವ್ಯತ್ಯಾಸವೆಲ್ಲ ಕೆಳಗಿನದು. ಎಡಭಾಗ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಮೋಡಕ್ಕೆ ಚಿಂದಿಯಾಗಿತ್ತು. ಗಾದೆಗಳನ್ನು ವಿಂಗಡಿಸಿದ ನನ್ನ ಕೋಷ್ಟಕದ ಪಕ್ಕದಲ್ಲಿ ಇಟ್ಟರೆ ಮಳೆಗಳ ಹೆಸರನ್ನು ಆ ತುಂಡುಗಳ ಮೇಲೆ ಬರೆದುಬಿಡಬಹುದು ಅನ್ನಿಸಿತು. ಅಕ್ಟೋಬರ್ ಮಧ್ಯದಲ್ಲಿ ಊರನ್ನು ಮುಳುಗಿಸಿದ ವಾರದಲ್ಲಿ ಗೆರೆಗಳೇ ಇರಲಿಲ್ಲ. ಬಲಭಾಗದಲ್ಲಿ ಕಟ್ಟಡ ಈಗ ಮಸುಕಾಗಿರಲಿಲ್ಲ. ಕರ್ರಗೆ, ಅಂಚು ಹರಿತವಾಗಿ ನಿಂತಿತ್ತು. ಅಕ್ಟೋಬರಿನಿಂದ ಮುಂದಿನ ಗೆರೆಗಳೆಲ್ಲ ನೆಲದಿಂದ ಹುಟ್ಟದೆ, ಅದರ ನೀರಿನ ಟ್ಯಾಂಕಿನ ತಲೆಯಿಂದ ಹುಟ್ಟಿದ್ದವು.

ಹಾಗಾದರೆ ಹುಟ್ಟಿದ್ದವು ತಾನೆ ಎಂಬ ಯೋಚನೆ ಬಂದದ್ದು ಆಗ. ಪೊಂಗಲ್ ಬರುವುದು 2025ರ ಜನವರಿ 14ಕ್ಕೆ. ಅವತ್ತಿನ ಸೂರ್ಯನ ದಾರಿ ನವೆಂಬರ್ 28ರ ದಾರಿಯೇ, ಅಂದರೆ ಡಬ್ಬಿಯಲ್ಲಿ ಆಗಲೇ ದಾಖಲಾಗಿದೆ. ಡಬ್ಬಿಯ ಅಗಲ, ಕಾಗದದ ಅಳತೆ ಗೊತ್ತಿದ್ದರೆ ಗೆರೆ ಹೊರಬರುವ ಜಾಗ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಹೇಳಬಹುದು. ಸುಮಾರು 30 ಡಿಗ್ರಿ ಬಂತು. ಅಷ್ಟೆತ್ತರಕ್ಕೆ ಸೂರ್ಯ ಯಾವಾಗ ಬರುತ್ತಾನೆ ಎಂಬುದು ಹೈಸ್ಕೂಲಿನ ತ್ರಿಕೋನಮಿತಿ.

ಒಂದೇ ತೊಡಕು ಗಡಿಯಾರದ್ದು. ದಾರಿ ಒಂದೇ ಆದರೂ ನವೆಂಬರ್ 28ರಂದು ಆ ಜಾಗಕ್ಕೆ ಬರುವ ಹೊತ್ತು ಬೇರೆ, ಜನವರಿ 14ರಂದು ಬೇರೆ. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಹೋಗುವುದಿಲ್ಲ, ಅದರ ಅಕ್ಷವೂ ವಾಲಿದೆ. ಇವೆರಡೂ ಸೇರಿ ಬಿಸಿಲಿನ ಗಡಿಯಾರ ಕೈಗಡಿಯಾರಕ್ಕಿಂತ ಒಮ್ಮೆ ಮುಂದೆ, ಒಮ್ಮೆ ಹಿಂದೆ ಆಗುತ್ತಿರುತ್ತದೆ. ನವೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಸೂರ್ಯ 12 ಗಂಟೆ 3 ನಿಮಿಷಕ್ಕೇ ನಡುಹಗಲು ಮುಟ್ಟಿದರೆ, ಫೆಬ್ರವರಿ ಎರಡನೇ ವಾರ 12 ಗಂಟೆ 34 ನಿಮಿಷಕ್ಕೆ. ದಿನವೂ ಒಂದೇ ಗಂಟೆಗೆ ಸೂರ್ಯನ ಫೋಟೋ ತೆಗೆದು ಒಂದರ ಮೇಲೊಂದು ಇಟ್ಟರೆ ಎಂಟರ ಆಕಾರ ಮೂಡುವುದು ಇದರಿಂದಲೇ. ಡೆನ್ನಿಸ್ ಡಿ ಸಿಕ್ಕೊ ಎಂಬ ಅಮೆರಿಕದ ಹವ್ಯಾಸಿ 1978–79ರಲ್ಲಿ ಒಂದೇ ಫಿಲ್ಮಿನ ಮೇಲೆ ಮೊದಲ ಬಾರಿಗೆ ಅದನ್ನು ತೆಗೆದ. ನನಗೆ ಬೇಕಾದದ್ದು ಎಂಟರ ಆಕಾರವಲ್ಲ, ನವೆಂಬರ್ 28ಕ್ಕೂ ಜನವರಿ 14ಕ್ಕೂ ನಡುವಿನ ವ್ಯತ್ಯಾಸ: 21 ನಿಮಿಷ. ಕೂಡಿ ಕಳೆದು ಬಂದ ಉತ್ತರ 9 ಗಂಟೆ 10 ನಿಮಿಷ.

ಈ ಓಣಿಯಿಂದ ಹೊರಬಿದ್ದು ಹಳೇ ಮದ್ರಾಸು ರಸ್ತೆಯಲ್ಲಿ ಕೆ.ಆರ್. ಪುರ ದಾಟಿ ಹೋದರೆ ಹೊಸಕೋಟೆ. ಅಲ್ಲಿನ ಆವರಣದಲ್ಲಿ ಭಾರತೀಯ ಖಭೌತ ಸಂಸ್ಥೆಯವರು ಜೋಡಿಸಿದ ದೂರದರ್ಶಕ ಈಗ ಆದಿತ್ಯ ಎಲ್‌1 ನೌಕೆಯ ಮೇಲೆ, 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಕಣ್ಣು ಮಿಟುಕಿಸದೆ ಸೂರ್ಯನನ್ನು ನೋಡುತ್ತಿದೆ. ಅದೇ ಸಂಸ್ಥೆಯ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸೂರ್ಯನ ಮುಖದ ಚಿತ್ರ ತೆಗೆದು ಜೋಪಾನ ಮಾಡಿದ್ದಾರೆ. ಸೂರ್ಯನ ಬಗ್ಗೆ ತಿಳಿಯಬೇಕಾದವರಿಗೆ ಅವೇ ಗತಿ. ನನ್ನ ಡಬ್ಬಿ ಸೂರ್ಯನ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ. ಅದು ಹೇಳುವುದು ಒಂದು ತಾರಸಿಯ ಬಗ್ಗೆ, ಅಲ್ಲಿಗೆ ಅವನು ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದರ ಬಗ್ಗೆ.

ಪಾಟಿಗೆ ಹೊತ್ತು ಹೇಳಿದಾಗ ಅವರು ಮೊದಲು ರಾಹುಕಾಲ ನೋಡಿದರು. ಜನವರಿ 14 ಮಂಗಳವಾರ, ರಾಹುಕಾಲ ಮಧ್ಯಾಹ್ನ ಮೂರಕ್ಕೆ. ತೊಂದರೆಯಿಲ್ಲ. ಆಮೇಲೆ “ಖಂಡಿತಾನಾ?” ಅಂದರು. ಮೋಡ ಇಲ್ಲದಿದ್ದರೆ ಖಂಡಿತ ಅಂದೆ. ಹಿಂದಿನ ಎರಡು ಬೆಳಿಗ್ಗೆ ಕೋಲು ನೆಟ್ಟು ಪರೀಕ್ಷೆ ಮಾಡಿಕೊಂಡಿದ್ದೆ. ಎಷ್ಟಾದರೂ ಸಂಶೋಧನಾ ವಿದ್ಯಾರ್ಥಿ.

ಹಬ್ಬದ ದಿನ ಮಗ, ಸೊಸೆ, ಮೊಮ್ಮಗಳು ಬಂದಿದ್ದರು. ಎಂಟೂವರೆಗೆ ತಾರಸಿಯ ಮೇಲೆ ಇಟ್ಟಿಗೆ ಜೋಡಿಸಿ ಒಲೆ ಹೊತ್ತಿಸಿದರು. ರಂಗೋಲಿ ನೆರಳಿನಲ್ಲಿತ್ತು, ಕಬ್ಬಿನ ಜಲ್ಲೆಗಳೂ ನೆರಳಿನಲ್ಲಿದ್ದವು. ಮಗ ಕಟ್ಟಡದ ಕಡೆ ನೋಡಿದರು, ಏನೂ ಹೇಳಲಿಲ್ಲ. ಒಂಬತ್ತು ದಾಟಿತು. ಪಾಟಿ ಉರಿ ಸಣ್ಣ ಮಾಡಿದರು, ಹಾಲು ಮುಂಚೆಯೇ ಉಕ್ಕಿಬಿಡದ ಹಾಗೆ. ಒಂಬತ್ತು ಎಂಟಕ್ಕೆ ಟ್ಯಾಂಕಿನ ಅಂಚು ಕೆಂಡದ ಹಾಗೆ ಹೊಳೆಯತೊಡಗಿತು. ಪಾಟಿ ಕಟ್ಟಿಗೆಯನ್ನು ಒಳಕ್ಕೆ ನೂಕಿದರು. ಬಿಸಿಲು ಮೊದಲು ನನ್ನ ಶೀಟಿನ ಮೇಲೆ, ಆಮೇಲೆ ಮೊಮ್ಮಗಳ ತಲೆಯ ಮೇಲೆ, ಆಮೇಲೆ ಪಾತ್ರೆಯ ಅರಿಶಿನದ ಮೇಲೆ ಇಳಿಯಿತು. ಹಾಲು ಉಕ್ಕಿ ಪೂರ್ವದ ಕಡೆಯ ಅಂಚಿನಿಂದಲೇ ಸುರಿಯಿತು. ಮೊಮ್ಮಗಳು ಎಲ್ಲರಿಗಿಂತ ಜೋರಾಗಿ “ಪೊಂಗಲೋ ಪೊಂಗಲ್” ಎಂದು ಕೂಗಿದಳು.

ಎಲೆಯ ಮೇಲೆ ಬಡಿಸುವಾಗ ಮಗ ನಿಧಾನಕ್ಕೆ, ಬೇಸಿಗೆ ಕಳೀಲಿ ಅಮ್ಮ, ಆಮೇಲೆ ಮನೆ ವಿಚಾರ ಮಾತಾಡೋಣ ಅಂದರು. ಪಾಟಿ ಮೊದಲ ತುತ್ತು ಕಾಗೆಗೆ ತೆಗೆದಿಟ್ಟು ಬಂದು ಕೂತರು.

“ಮಾತಾಡೋಣ. ಆದ್ರೆ ಬಿಸಿಲು ಬರಲ್ಲ ಅನ್ಬೇಡ. ಒಂಬತ್ತು ಹತ್ತಕ್ಕೆ ಬರ್ತದೆ.”